ಬಾಯ್ತುತ್ತಿನ ನುಡಿ

ಹವಾಯಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕಣ್ಣ ಮುಂದೆ ಕಟ್ಟುವ ಚಿತ್ರವನ್ನು ಯಾರೂ ವರ್ಣಿಸಿ ಹೇಳಬೇಕಾದುದಿಲ್ಲ. ತೆಂಗಿನ ತೋಪು, ನೀಲಿ ಕಡಲು, ಕೊರಳಿಗೆ ಹೂಮಾಲೆ ತೊಡಿಸಿ ಬರಮಾಡಿಕೊಳ್ಳುವ ತರುಣಿ. ಪ್ರವಾಸ ಸಂಸ್ಥೆಗಳು ಬಣ್ಣಬಣ್ಣದ ಕಾಗದದ ಮೇಲೆ ಅಚ್ಚು ಹಾಕಿಸಿ ಜಗತ್ತಿಗೆಲ್ಲ ಹಂಚಿದ ಚಿತ್ರವದು. ಅದರ ಒಂದು ಮೂಲೆಯಲ್ಲಿ ತಪ್ಪದೆ ಒಂದು ಪದವಿರುತ್ತದೆ: 'ಅಲೋಹಾ'. ಪ್ರೀತಿ, ವಂದನೆ, ವಿದಾಯ ಈ ಮೂರಕ್ಕೂ ಸಲ್ಲುವ ಆ ಪದವನ್ನು ನಾಲಗೆಯ ಮೇಲೆ ಹೊರಳಿಸದೆ ಆ ದ್ವೀಪಗಳಿಂದ ಹಿಂದಿರುಗುವ ಪ್ರವಾಸಿಗನು ಅಪರೂಪ. ಆದರೆ ಆ ಪದ ಹುಟ್ಟಿದ ಭಾಷೆಯಲ್ಲಿ ತಾಯಿಯನ್ನು ಕರೆದು ಉಣಲು ಬೇಡಬಲ್ಲ ಎಳೆಯರು 1980ರ ದಶಕದ ಮೊದಲ ವರ್ಷಗಳಲ್ಲಿ ಎಷ್ಟು ಮಂದಿ ಉಳಿದಿದ್ದರೆಂದು ಅಂದಾಜು ಮಾಡಿದವರಿಗೆ ದೊರೆತ ಉತ್ತರ ಐವತ್ತನ್ನು ದಾಟಲಿಲ್ಲ. ಭಾಷೆ ಬಲ್ಲ ಉಳಿದವರು ಬಹುಮಟ್ಟಿಗೆ ಎಪ್ಪತ್ತು ಮೀರಿದ ಅಜ್ಜ ಅಜ್ಜಿಯರು.

ಈ ಲೆಕ್ಕ ಹೊರಬೀಳುವುದಕ್ಕೆ ಹತ್ತು ವರ್ಷ ಮುಂಚೆ, 1972ರಲ್ಲಿ, ಹೊನೊಲುಲು ನಗರದ ಬಾನುಲಿ ಕೇಂದ್ರವೊಂದರಲ್ಲಿ ಇಪ್ಪತ್ತೈದರ ಆಸುಪಾಸಿನ ತರುಣನೊಬ್ಬನು ಮೈಕಿನ ಮುಂದೆ ಕುಳಿತು, ಎದುರಿಗಿದ್ದ ವೃದ್ಧರನ್ನು ಹವಾಯಿ ಭಾಷೆಯಲ್ಲಿ ಮಾತನಾಡಿಸತೊಡಗಿದನು. ಕೆ.ಸಿ.ಸಿ.ಎನ್. ಎಂಬ ಆ ಕೇಂದ್ರವು ಹವಾಯಿ ಸಂಗೀತವನ್ನು ಪ್ರಸಾರ ಮಾಡುತ್ತಿತ್ತು. ಹಾಡು ಹವಾಯಿ ಭಾಷೆಯದು. ಕೇಳುವವರಲ್ಲಿ ಹೆಚ್ಚಿನವರಿಗೆ ಅದರ ಅರ್ಥವಾಗದು. ಅರ್ಥವಾಗದ ಹಾಡಿಗೆ ತಲೆದೂಗುವುದು ಸುಲಭ, ಅರ್ಥವಾಗದ ಮಾತಿಗೆ ಕಿವಿಗೊಡುವುದು ಕಷ್ಟ. ಹೀಗಿರುವಾಗ ವಾರಕ್ಕೊಮ್ಮೆ, ಆಂಗ್ಲ ಭಾಷೆಯ ಹಂಗಿಲ್ಲದೆ, ಬರಿಯ ಮಾತುಕತೆಯ ಕಾರ್ಯಕ್ರಮವನ್ನು ನಡೆಸುವ ಸಾಹಸಕ್ಕೆ ಆತ ಕೈಹಾಕಿದನು. 'ಕ ಲೆಯೊ ಹವಾಯಿ', ಎಂದರೆ 'ಹವಾಯಿಯ ದನಿ', ಎಂಬುದು ಅದರ ಹೆಸರು. ಆ ತರುಣನ ಹೆಸರು ಲ್ಯಾರಿ ಲಿಂಡ್ಸೆ ಕಿಮುರಾ.

ಹೆಸರಿನಲ್ಲಿಯೇ ಆ ದ್ವೀಪಗಳ ಇತಿಹಾಸ ಅಡಗಿದೆ. ತಂದೆಯ ಕಡೆಯಿಂದ ಜಪಾನಿನ ರಕ್ತ. ತಾಯಿಯ ಕಡೆಯಿಂದ ಹವಾಯಿಯ ಮೂಲನಿವಾಸಿಗಳ ವಂಶ. ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಬಂದ ಜಪಾನೀಯರೂ ಚೀನೀಯರೂ ಪೋರ್ಚುಗೀಸರೂ ಅಲ್ಲಿ ನೆಲೆನಿಂತು ಬೆರೆತುಹೋದುದರಿಂದ ಇಂಥ ಹೆಸರುಗಳು ಅಲ್ಲಿ ಯಾರಿಗೂ ಸೋಜಿಗವಲ್ಲ. ಕಿಮುರಾ ಅವರು 1946ರಲ್ಲಿ ಹುಟ್ಟಿದ ವೈಮೆಯ ಎಂಬ ಊರು ಹವಾಯಿ ದ್ವೀಪದ ಬೆಟ್ಟದ ಮಡಿಲಲ್ಲಿದೆ. ಅದು ದನಗಾಹಿಗಳ ನಾಡು. ಕುದುರೆಯೇರಿ ದನ ಕಾಯುವ ಹವಾಯಿ ಗೌಳಿಗರಿಗೆ ಹೆಸರಾದುದು. ಅಲ್ಲಿ ಬೀಳುವ ಚುಚ್ಚುವಂಥ ಚಳಿಮಳೆಗೆ 'ಕೀಪುಉಪುಉ' ಎಂಬ ಪ್ರತ್ಯೇಕ ಹೆಸರೇ ಇದೆ. ಪ್ರತಿಯೊಂದು ಕಣಿವೆಯ ಮಳೆಗೂ ಪ್ರತಿಯೊಂದು ತೀರದ ಗಾಳಿಗೂ ಬೇರೆ ಬೇರೆ ಹೆಸರಿಟ್ಟು ಕರೆದ ಜನ ಹವಾಯಿಯವರು. ಭಾಷೆ ಹೋದರೆ ಮಳೆ ನಿಲ್ಲುವುದಿಲ್ಲ, ನಿಜ. ಆದರೆ ಯಾವ ಮಳೆ ಯಾವುದು ಎಂದು ಹೇಳಲು ಬಾಯಿರುವುದಿಲ್ಲ.

ಕಿಮುರಾ ಅವರ ಮನೆಯಲ್ಲಿ ಅಜ್ಜಿಗೆ ಹವಾಯಿ ಭಾಷೆ ತಾಯಿನುಡಿ. ತನ್ನ ಓರಗೆಯವರೊಡನೆ ಆಕೆ ಅದರಲ್ಲಿಯೇ ಮಾತನಾಡುವಳು. ಮಕ್ಕಳತ್ತ ತಿರುಗಿದೊಡನೆ ಮಾತು ಆಂಗ್ಲಕ್ಕೆ ಹೊರಳುವುದು. ಹಿರಿಯರು ತಮ್ಮತಮ್ಮಲ್ಲಿ ಏನನ್ನೋ ಹೇಳಿಕೊಂಡು ನಗುತ್ತಿದ್ದರೆ, ಆ ನಗೆಯ ಹೊರಬಾಗಿಲಲ್ಲಿ ಮಕ್ಕಳು ನಿಂತಿರಬೇಕು. ಇದು ಒಂದು ಮನೆಯ ಕಥೆಯಲ್ಲ. ಆ ತಲೆಮಾರಿನ ಬಹುತೇಕ ಹವಾಯಿ ಮನೆಗಳಲ್ಲಿ ಹೀಗೆಯೇ ನಡೆದುಹೋಯಿತು. ಮಕ್ಕಳ ಮೇಲೆ ಪ್ರೀತಿಯಿಲ್ಲದೆ ನಡೆದ ಕೆಲಸವಲ್ಲ ಅದು. ಮಕ್ಕಳು ಬದುಕಿಕೊಳ್ಳಲಿ ಎಂಬ ಪ್ರೀತಿಯಿಂದಲೇ ನಡೆಯಿತು. ಪ್ರೀತಿಯೇ ನಾಲಗೆಯನ್ನು ಕಟ್ಟಿಹಾಕಿದ ಈ ವಿಪರೀತಕ್ಕೆ ಕಾರಣವನ್ನು ಅರಿಯಬೇಕಾದರೆ ಕೊಂಚ ಹಿಂದಕ್ಕೆ ಹೋಗಬೇಕು.

1820ರಲ್ಲಿ ಅಮೆರಿಕದ ಕ್ರೈಸ್ತ ಮಿಷನರಿಗಳು ಆ ದ್ವೀಪಗಳಿಗೆ ಬಂದಿಳಿದಾಗ ಹವಾಯಿ ಭಾಷೆಗೆ ಬರವಣಿಗೆ ಇರಲಿಲ್ಲ. ಎರಡೇ ವರ್ಷಗಳಲ್ಲಿ ಅಚ್ಚಿನ ಕೆಲಸ ಆರಂಭವಾಯಿತು. ಐದು ಸ್ವರ, ಏಳು ವ್ಯಂಜನ. ಒಟ್ಟು ಹನ್ನೆರಡು ಅಕ್ಷರಗಳಲ್ಲಿ ಇಡೀ ಭಾಷೆ ಅಡಗಿತು. ಅದುವರೆಗೆ ವಂಶಾವಳಿಗಳನ್ನೂ ಸಾವಿರಾರು ಸಾಲುಗಳ ಪಠಣಗಳನ್ನೂ ನೆನಪಿನಲ್ಲಿಯೇ ಹೊತ್ತು ತಂದಿದ್ದ ಆ ಜನ ಅಕ್ಷರವನ್ನು ಹಸಿದವರು ಅನ್ನವನ್ನು ಕಂಡಂತೆ ಬರಸೆಳೆದುಕೊಂಡರು. ಅರಸು ಮನೆತನದವರು ಮೊದಲುಗೊಂಡು ಸಾಮಾನ್ಯರವರೆಗೆ ಓದು ಹಬ್ಬಿತು. 1834ರಲ್ಲಿ ಮೊದಲ ಪತ್ರಿಕೆ ಹೊರಟಿತು. ಅಲ್ಲಿಂದ 1948ರಲ್ಲಿ ಕೊನೆಯ ಪತ್ರಿಕೆ ನಿಲ್ಲುವವರೆಗೆ ಹವಾಯಿ ಭಾಷೆಯಲ್ಲಿ ಸುಮಾರು ನೂರು ಪತ್ರಿಕೆಗಳು ಬೆಳಕು ಕಂಡವು. ಅವುಗಳ ಪುಟಗಳು ಲಕ್ಷವನ್ನು ಮೀರುತ್ತವೆ.

ಆ ಪತ್ರಿಕೆಗಳಲ್ಲಿ ಏನಿತ್ತು? ರಾಜಕೀಯ ವಾಗ್ವಾದವಿತ್ತು, ಸತ್ತವರಿಗಾಗಿ ಬರೆದ ಶೋಕಗೀತೆಗಳಿದ್ದವು, ಹಡಗುಗಳ ಬರವು ಹೋಗುವಿನ ವಿವರವಿತ್ತು. ಅದಕ್ಕಿಂತ ಮಿಗಿಲಾಗಿ ಕಥೆಗಳಿದ್ದವು. ಬೆಂಕಿಬೆಟ್ಟದ ದೇವತೆ ಪೆಲೆಯ ತಂಗಿ ಹಿಇಯಾಕಳ ಮಹಾಕಥೆ ತಿಂಗಳುಗಟ್ಟಲೆ ಧಾರಾವಾಹಿಯಾಗಿ ಹರಿಯಿತು. ಅರಬ್ಬೀ ರಾತ್ರಿಗಳ ಕಥೆಗಳೂ ಹವಾಯಿ ಭಾಷೆಯ ಉಡುಪು ತೊಟ್ಟು ಬಂದವು. ಮುಂದಿನ ವಾರದ ಸಂಚಿಕೆಗಾಗಿ ಕಾದು ಕುಳಿತಿರುವ ಸುಖ ಮತ್ತು ಸಂಕಟ ಎಂಥದೆಂದು ವಾರಪತ್ರಿಕೆಯ ಓದುಗರಿಗೆ ಬೇರೆಯಾಗಿ ತಿಳಿಸಬೇಕಾಗಿಲ್ಲ. ನೂರೈವತ್ತು ವರ್ಷಗಳ ಹಿಂದೆ ಪೆಸಿಫಿಕ್ ಸಾಗರದ ನಡುವಣ ಹಳ್ಳಿಗಳಲ್ಲಿ ಅದೇ ಸುಖಸಂಕಟಗಳು ಇದ್ದವು.

ಆದರೆ ಓದುವ ಜನರೇ ಕರಗುತ್ತಿದ್ದರು. ಹೊರಗಿನಿಂದ ಬಂದ ಹಡಗುಗಳೊಡನೆ ಬಂದ ಸಿಡುಬು, ದಡಾರ ಮೊದಲಾದ ಬೇನೆಗಳು ಆ ಜನಾಂಗವನ್ನು ಕುಯ್ದು ಹಾಕಿದವು. ಲಕ್ಷಗಳಲ್ಲಿದ್ದ ಮೂಲನಿವಾಸಿಗಳು 1890ರ ಜನಗಣತಿಯ ವೇಳೆಗೆ, ಬೆರಕೆಯವರನ್ನೂ ಸೇರಿಸಿ, ಸುಮಾರು 40 ಸಾವಿರಕ್ಕೆ ಇಳಿದಿದ್ದರು. 1893ರ ಜನವರಿಯಲ್ಲಿ ಸಕ್ಕರೆ ತೋಟಗಳ ಹಿತವನ್ನು ಬಯಸಿದ ಬಿಳಿಯರ ಗುಂಪೊಂದು ಅಮೆರಿಕದ ನೌಕಾಪಡೆಯ ನೆರಳಿನಲ್ಲಿ ರಾಣಿ ಲಿಲಿಯುಒಕಲಾನಿಯನ್ನು ಪದಚ್ಯುತಗೊಳಿಸಿತು. 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿಹೋದವು. ಇವೆರಡರ ನಡುವೆ, 1896ರಲ್ಲಿ, ಒಂದು ಕಾನೂನು ಬಂದಿತು: ಸರ್ಕಾರಿಯಾಗಲಿ ಖಾಸಗಿಯಾಗಲಿ, ಎಲ್ಲ ಶಾಲೆಗಳ ಬೋಧನ ಮಾಧ್ಯಮ ಆಂಗ್ಲವೇ ಆಗತಕ್ಕದ್ದು, ಹಾಗಲ್ಲದ ಶಾಲೆಗೆ ಮನ್ನಣೆಯಿಲ್ಲ. 1880ರಲ್ಲಿ ಹವಾಯಿ ಭಾಷೆಯಲ್ಲಿ ಪಾಠ ಹೇಳುವ ಶಾಲೆಗಳು 150 ಇದ್ದವು. 1902ರಲ್ಲಿ ಒಂದೂ ಇರಲಿಲ್ಲ.

ಮನೆಯಲ್ಲಿ ಆಡುವ ಮಾತನ್ನು ಶಾಲೆಯಲ್ಲಿ ಆಡಿದುದಕ್ಕಾಗಿ ಏಟು ತಿಂದ ನೆನಪು ಆ ಕಾಲದ ಅನೇಕ ವೃದ್ಧರಲ್ಲಿ ಕೊನೆಯವರೆಗೂ ಉಳಿದಿತ್ತು. ಏಟು ತಿಂದ ಮಗು ತಾಯಿಯಾದಾಗ ತನ್ನ ಕೂಸಿಗೆ ಆ ಭಾಷೆಯನ್ನು ಕಲಿಸಲಿಲ್ಲ. ಇಷ್ಟೇ ಆದುದು. ಭಾಷೆಯೊಂದನ್ನು ಕೊಲ್ಲಲು ಸೈನ್ಯ ಬೇಕಾಗುವುದಿಲ್ಲ.

ಕಿಮುರಾ ಅವರು ಹೊನೊಲುಲುವಿನ ಕಮೆಹಮೆಹಾ ಶಾಲೆಯಲ್ಲಿಯೂ ಅನಂತರ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿಯೂ ಓದಿದರು. ಅಜ್ಜಿಯ ತೊಡೆಯ ಮೇಲೆ ದೊರೆಯಬೇಕಾಗಿದ್ದ ಭಾಷೆಯನ್ನು ಪ್ರಯತ್ನಪೂರ್ವಕವಾಗಿ ಕಲಿತುಕೊಂಡು, ವಿಶ್ವವಿದ್ಯಾನಿಲಯದಲ್ಲಿ ಅದನ್ನೇ ಕಲಿಸುವ ಉಪಾಧ್ಯಾಯರಾದರು. ಆದರೆ ಪುಸ್ತಕದಿಂದ ಬಂದ ಭಾಷೆಗೆ ಉಸಿರು ಸಾಲದು. ವಾಕ್ಯವನ್ನು ಎಲ್ಲಿ ಇಳಿಸಬೇಕು, ಎಲ್ಲಿ ತಡೆಯಬೇಕು, ಹಾಸ್ಯಕ್ಕೆ ಯಾವ ಮಾತು, ಕನಿಕರಕ್ಕೆ ಯಾವ ಮಾತು, ಇದನ್ನು ವ್ಯಾಕರಣವು ಹೇಳದು. ಹೇಳಬಲ್ಲವರು ಇನ್ನೂ ಇದ್ದರು. ಆದರೆ ಹಳ್ಳಿಹಳ್ಳಿಗಳಲ್ಲಿ ಚದುರಿ, ಮಾತನಾಡಲು ಜೊತೆಯಿಲ್ಲದೆ, ಒಬ್ಬೊಬ್ಬರಾಗಿ ಕಣ್ಣುಮುಚ್ಚುತ್ತಿದ್ದರು.

ಬಾನುಲಿಯ ಯೋಚನೆಯ ಹಿಂದಿನ ಜಾಣತನ ಇಲ್ಲಿದೆ. ಭಾಷೆ ಬಲ್ಲವರನ್ನು ಒಂದೂರಿನಲ್ಲಿ ಕೂಡಿಸುವುದು ಆಗದ ಮಾತು. ಆದರೆ ಒಂದೇ ಗಳಿಗೆಯಲ್ಲಿ ಅವರೆಲ್ಲರೂ ಕಿವಿಗೊಡುವಂತೆ ಮಾಡಬಹುದು. ಅತಿಥಿಯಾಗಿ ಬಂದವರು ಮಾತನಾಡುವರು. ಕೇಳುಗರು ತಮ್ಮ ಮನೆಗಳಿಂದ ದೂರವಾಣಿಯ ಮೂಲಕ ಮಾತಿಗೆ ಸೇರಿಕೊಳ್ಳುವರು. ಹುಟ್ಟೂರು ಯಾವುದು, ತಂದೆತಾಯಿ ಯಾರು, ಯಾರು ಸಾಕಿದರು ಎಂಬಲ್ಲಿಂದ ಸಂಭಾಷಣೆ ತೊಡಗಿ ಮೀನು ಹಿಡಿಯುವ ಬಗೆ, ಕೆಸುವಿನ ಗದ್ದೆಯ ಕೆಲಸ, ಹಳೆಯ ಹಾಡು, ಸತ್ತವರ ನೆನಪುಗಳತ್ತ ಹರಿಯುವುದು. ಎಷ್ಟೋ ವರ್ಷಗಳಿಂದ ಯಾರೂ ಕೇಳದಿದ್ದ ಪ್ರಶ್ನೆಗಳನ್ನು ಮೊಮ್ಮಗನ ಪ್ರಾಯದವನೊಬ್ಬನು ಅವರ ಭಾಷೆಯಲ್ಲಿಯೇ ಕೇಳುತ್ತಿದ್ದಾನೆ ಎಂಬುದೇ ಆ ಮುದುಕರಿಗೆ ಬೇಕಾದಷ್ಟಾಗಿತ್ತು. ಶಿಕ್ಷೆಗೆ ಗುರಿಮಾಡಿದ್ದ ಮಾತು ಈಗ ಆಕಾಶಮಾರ್ಗವಾಗಿ ದ್ವೀಪದಿಂದ ದ್ವೀಪಕ್ಕೆ ಹಾರುತ್ತಿತ್ತು. ಕಿಮುರಾ ಅವರು 1980ರ ದಶಕದ ಕೊನೆಯವರೆಗೆ, ಸುಮಾರು ಹದಿನಾರು ವರ್ಷ, ಈ ಕಾರ್ಯಕ್ರಮವನ್ನು ನಡೆಸಿದರು. ಟೇಪುಗಳಲ್ಲಿ ಉಳಿದ ಮಾತುಕತೆಗಳು ನಾನೂರಕ್ಕೂ ಹೆಚ್ಚು.

ಇಂಥ ಭಾಷಿಕರನ್ನು ಏನೆಂದು ಕರೆಯಬೇಕು? ಪರಭಾಷೆಯೇ ಇಲ್ಲದ ಕಾಲದಲ್ಲಿ 'ತಾಯಿನುಡಿಯಾಗಿ ಭಾಷೆ ಬಲ್ಲವರು' ಎಂಬುದಕ್ಕೆ ಪದದ ಅಗತ್ಯವೇ ಇರಲಿಲ್ಲ. 1970ರ ದಶಕದ ಕೊನೆಯಲ್ಲಿ ಕಿಮುರಾ ಮತ್ತು ಅವರ ಸಹೋದ್ಯೋಗಿ ವಿಲಿಯಂ ವಿಲ್ಸನ್ ಅವರು ಒಂದು ಪದವನ್ನು ಕಟ್ಟಿದರು: 'ಮಾನಲೆಯೊ'. 'ಲೆಯೊ' ಎಂದರೆ ದನಿ, ಮಾತು. 'ಮಾನ' ಎಂದರೆ ಹಿರಿಯರು ಬಾಯಲ್ಲಿ ಅಗಿದು ಮೆತ್ತಗೆ ಮಾಡಿ ಕೂಸಿಗೆ ಉಣಿಸುವ ತುತ್ತು; ಸಾಕಿದವರಿಂದ ಮಗುವಿಗೆ ಬಂದ ಗುಣವೆಂಬ ಅರ್ಥವೂ ಅದಕ್ಕಿದೆ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ, ನಡುವೆ ಪುಸ್ತಕವಿಲ್ಲದೆ, ಬೆಚ್ಚಗೆ ಬಂದ ನುಡಿ. ಇದಕ್ಕಿಂತ ನಿಖರವಾದ ಪಾರಿಭಾಷಿಕ ಪದವನ್ನು ಯಾವ ವಿದ್ವತ್ಪರಿಷತ್ತೂ ಸೃಷ್ಟಿಸಿರಲಾರದು. ಆ ಪದ ಇಂದು ಹವಾಯಿ ನಿಘಂಟಿನಲ್ಲಿದೆ.

ಪದವನ್ನು ಕಟ್ಟಿದವರಲ್ಲಿ ಒಬ್ಬರಾದ ಕಿಮುರಾ ಅವರಿಗೇ ಆ ಹೆಸರು ಪೂರ್ತಿಯಾಗಿ ಸಲ್ಲದು ಎಂಬುದನ್ನು ಗಮನಿಸಬೇಕು. ಅವರಿಗೆ ಭಾಷೆ ತುತ್ತಾಗಿ ಬರಲಿಲ್ಲ, ದುಡಿಮೆಯಿಂದ ಬಂದಿತು.

ಇಷ್ಟು ಹೊತ್ತಿಗೆ ದ್ವೀಪಗಳಲ್ಲಿ ಗಾಳಿ ಬದಲಾಗಿತ್ತು. 1976ರಲ್ಲಿ 'ಹೋಕುಲೆಯ' ಎಂಬ ಜೋಡಿದೋಣಿ, ಪೂರ್ವಿಕರ ಕ್ರಮದಲ್ಲಿ ನಕ್ಷತ್ರ ಮತ್ತು ಅಲೆಗಳನ್ನು ನೋಡಿಕೊಂಡೇ, ಹವಾಯಿಯಿಂದ ತಾಹಿತಿಗೆ ಹೋಗಿ ಮುಟ್ಟಿತು. 1978ರಲ್ಲಿ ರಾಜ್ಯದ ಸಂವಿಧಾನವು ಆಂಗ್ಲದೊಡನೆ ಹವಾಯಿ ಭಾಷೆಯನ್ನೂ ಅಧಿಕೃತ ಭಾಷೆಯೆಂದು ಸಾರಿತು. ಕಿಮುರಾ ಅವರು ಬಾನುಲಿಯಲ್ಲಿ ಮಾತ್ರ ನಿಲ್ಲಲಿಲ್ಲ, ಗೀತೆಗಳನ್ನೂ ಬರೆದರು. ಎಡ್ಡಿ ಕಮಾಯೆ ಎಂಬ ಪ್ರಸಿದ್ಧ ಸಂಗೀತಗಾರರೊಡನೆ ಸೇರಿ ರಚಿಸಿದ, ವೈಮೆಯದ ಮುಂಜಾವದ ಇಬ್ಬನಿಯನ್ನು ನೆನೆಯುವ ಪ್ರೇಮಗೀತೆ ಮನೆಮಾತಾಯಿತು. ಅಮೆರಿಕ ಸರ್ಕಾರ ನೇಮಿಸಿದ ಮೂಲನಿವಾಸಿಗಳ ಅಧ್ಯಯನ ಆಯೋಗದ 1983ರ ವರದಿಯಲ್ಲಿ ಹವಾಯಿ ಭಾಷೆಯ ಸ್ಥಿತಿಗತಿಗಳನ್ನು ಕುರಿತ ಭಾಗವನ್ನು ಅವರೇ ಬರೆದರು.

ಹಾಡು ಬಂದಿತು, ವರದಿ ಬಂದಿತು, ಸಂವಿಧಾನದಲ್ಲಿ ಒಂದು ಸಾಲೂ ಬಂದಿತು. ಮಕ್ಕಳು ಮಾತ್ರ ಬರಲಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಕಲಿತ ಇಪ್ಪತ್ತರ ಯುವಕರು ಎಂಬತ್ತರ ವೃದ್ಧರೊಡನೆ ಮಾತನಾಡಬಲ್ಲವರಾದರು. ವೃದ್ಧರು ಹೋದ ಮೇಲೆ ಏನು? ಇದಕ್ಕೆ ದಾರಿ ತೋರಿದವರು ದೂರದ ದಾಯಾದಿಗಳು. ನ್ಯೂಜಿಲೆಂಡಿನ ಮಾವೋರಿ ಜನ 1982ರಲ್ಲಿ 'ಭಾಷೆಯ ಗೂಡು' ಎಂಬ ಹೆಸರಿನ ಶಿಶುವಿಹಾರಗಳನ್ನು ತೆರೆದು, ಅಜ್ಜಿಯರ ಕೈಗೆ ಎಳೆಯ ಕೂಸುಗಳನ್ನು ಒಪ್ಪಿಸಿ, ಮಾವೋರಿಯ ಹೊರತು ಬೇರೆ ಮಾತು ಅಲ್ಲಿ ಕೂಡದೆಂದು ಕಟ್ಟು ಮಾಡಿದ್ದರು. ಹವಾಯಿ ಭಾಷೆಯೂ ಮಾವೋರಿಯೂ ಒಂದೇ ಬಳ್ಳಿಯ ಕಾಯಿಗಳು. ಮರುವರ್ಷವೇ, 1983ರಲ್ಲಿ, ಕಿಮುರಾ ಅವರೂ, ವಿಲಿಯಂ ವಿಲ್ಸನ್ ಮತ್ತು ಕಾವನೋಯೆ ಕಮನಾ ದಂಪತಿಗಳೂ, ಇನ್ನು ಕೆಲವರು ಉಪಾಧ್ಯಾಯರೂ ಕೂಡಿ 'ಅಹ ಪೂನನ ಲೆಯೊ' ಎಂಬ ಸಂಸ್ಥೆಯನ್ನು ಕಟ್ಟಿದರು. 'ಪೂನನ ಲೆಯೊ' ಎಂದರೆ ದನಿಗಳ ಗೂಡು. ಮೊದಲ ಗೂಡು 1984ರಲ್ಲಿ ಕೌವಾಯಿ ದ್ವೀಪದ ಕೆಕಾಹ ಎಂಬ ಊರಿನಲ್ಲಿ ತೆರೆಯಿತು. ಮರುವರ್ಷ ಹಿಲೋ ಪಟ್ಟಣದಲ್ಲಿಯೂ ಹೊನೊಲುಲುವಿನಲ್ಲಿಯೂ ಇನ್ನೆರಡು ಆದವು.

ಕೆಕಾಹವನ್ನು ಆರಿಸಿಕೊಂಡುದು ಸುಮ್ಮನೆ ಅಲ್ಲ. ಕೌವಾಯಿಯ ಪಶ್ಚಿಮಕ್ಕೆ ಕಡಲಿನಾಚೆ ನೀಹೌ ಎಂಬ ಪುಟ್ಟ ದ್ವೀಪವಿದೆ. 1864ರಲ್ಲಿ ಸ್ಕಾಟ್ ಮೂಲದ ಒಂದು ಕುಟುಂಬವು ಅದನ್ನು ಅರಸನಿಂದ 10 ಸಾವಿರ ಡಾಲರಿಗೆ ಕೊಂಡುಕೊಂಡಿತು. ಅಂದಿನಿಂದ ಅದು ಖಾಸಗಿ ಸ್ವತ್ತು. ಹೊರಗಿನವರಿಗೆ ಸುಲಭವಾಗಿ ಪ್ರವೇಶವಿಲ್ಲ. ಇಡೀ ದ್ವೀಪವೊಂದು ಒಬ್ಬರ ಸ್ವತ್ತಾಗಿರುವುದು ಮೆಚ್ಚತಕ್ಕ ಏರ್ಪಾಟೆಂದು ಯಾರೂ ಹೇಳಲಾರರು. ಆದರೂ ಆ ಬೇಲಿಯ ಫಲವಾಗಿಯೇ ಅಲ್ಲಿಯ ಕೆಲವೇ ಕುಟುಂಬಗಳ ನಡುವೆ ಹವಾಯಿ ಭಾಷೆಯ ಹರಿವು ಒಂದು ದಿನವೂ ಕಡಿಯಲಿಲ್ಲ. ಉಳಿದವರು 'ಕ' ಎನ್ನುವಲ್ಲಿ 'ತ' ಎನ್ನುವ ಹಳೆಯ ಉಚ್ಚಾರಣೆ ಕೂಡ ಅವರಲ್ಲಿ ಉಳಿದಿದೆ. ಕೆಕಾಹದಲ್ಲಿ ನೆಲಸಿದ ನೀಹೌ ಮನೆತನಗಳೂ ಇದ್ದವು.

ಗೂಡು ಕಟ್ಟುವುದೇನೋ ಆಯಿತು. ಆದರೆ ಕಾನೂನು ಬಾಗಿಲಲ್ಲಿಯೇ ನಿಂತಿತ್ತು. 1896ರ ನಿಷೇಧ ಇನ್ನೂ ರದ್ದಾಗಿರಲಿಲ್ಲ. ಅಧಿಕೃತ ಭಾಷೆಯೆಂದು ಸಂವಿಧಾನ ಸಾರಿದ ಭಾಷೆಯಲ್ಲಿ ಮಗುವಿಗೆ ಪಾಠ ಹೇಳುವುದು ಕಾನೂನಿಗೆ ಹೊರತು! ಇನ್ನೊಂದು ಕಡೆ, ಶಿಶುವಿಹಾರದಲ್ಲಿ ಕಲಿಸುವವರು ಕಾಲೇಜಿನಲ್ಲಿ ಶಿಶುಶಿಕ್ಷಣದ ಅರ್ಹತೆ ಪಡೆದಿರಬೇಕೆಂಬ ಸರ್ಕಾರದ ನಿಯಮ. ಹತ್ತು ಮಕ್ಕಳನ್ನು ಹೆತ್ತು ಸಾಕಿದ ಅಜ್ಜಿಗೆ ಮಕ್ಕಳನ್ನು ನೋಡಿಕೊಳ್ಳುವ ಯೋಗ್ಯತೆಯಿಲ್ಲ, ಪ್ರಮಾಣಪತ್ರವುಳ್ಳವರಿಗೆ ಭಾಷೆಯೇ ಬಾರದು. ತಾಯಿತಂದೆಯರು ಶಾಸನಸಭೆಯ ಮೆಟ್ಟಿಲನ್ನು ವರ್ಷದಿಂದ ವರ್ಷಕ್ಕೆ ಹತ್ತಿಳಿದರು. ಮೂರನೆಯ ವರ್ಷ, 1986ರಲ್ಲಿ, ಎರಡು ಅಡ್ಡಿಗಳೂ ನಿವಾರಣೆಯಾದವು. ತೊಂಬತ್ತು ವರ್ಷಗಳ ನಿಷೇಧ ಹೀಗೆ ಮುಗಿಯಿತು. 1987ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಹವಾಯಿ ಮಾಧ್ಯಮದ ಮೊದಲ ತರಗತಿಗಳು ಆರಂಭವಾದವು.

ಗೂಡಿನ ನಿಯಮ ಕಟ್ಟುನಿಟ್ಟಾದುದು. ಬಾಗಿಲು ದಾಟಿದ ಮೇಲೆ ಹವಾಯಿ ಭಾಷೆಯ ವಿನಾ ಅನ್ಯ ಮಾತಿಲ್ಲ. ಮಕ್ಕಳನ್ನು ಕಳುಹಿಸಿ ಕೈತೊಳೆದುಕೊಳ್ಳುವ ತಂದೆತಾಯಿಯರಿಗೆ ಅಲ್ಲಿ ಎಡೆಯಿಲ್ಲ. ಅವರೂ ಭಾಷೆಯ ಪಾಠಕ್ಕೆ ಬರಬೇಕು, ಶಾಲೆಯ ಕೆಲಸಕ್ಕೆ ಕೈಜೋಡಿಸಬೇಕು. ಪಠ್ಯಪುಸ್ತಕಗಳಿಲ್ಲದ ಕಾಲದಲ್ಲಿ ಆಂಗ್ಲ ಪುಸ್ತಕಗಳ ಸಾಲುಗಳ ಮೇಲೆ ಹವಾಯಿ ಅನುವಾದದ ಚೀಟಿಗಳನ್ನು ಅಂಟಿಸಿ ಮಕ್ಕಳ ಕೈಗೆ ಕೊಡುತ್ತಿದ್ದರು. ಕತ್ತರಿ, ಗೋಂದು ಮತ್ತು ಹಠ. ಮೊದಲ ವರ್ಷಗಳ ಬಂಡವಾಳ ಹೆಚ್ಚುಕಡಿಮೆ ಇಷ್ಟೇ. ಶಿಶುವಿಹಾರದಿಂದ ಪ್ರೌಢಶಾಲೆಯ ಕೊನೆಯವರೆಗೆ ಹವಾಯಿ ಭಾಷೆಯಲ್ಲಿಯೇ ಓದಿದ ಮೊದಲ ವಿದ್ಯಾರ್ಥಿಗಳು 1999ರಲ್ಲಿ ಹೊರಬಂದರು. ಅದಕ್ಕೆ ಎರಡು ವರ್ಷ ಮೊದಲು ಹಿಲೋ ವಿಶ್ವವಿದ್ಯಾನಿಲಯದಲ್ಲಿ ಹವಾಯಿ ಭಾಷೆಗೆಂದೇ ಒಂದು ಕಾಲೇಜು ಸ್ಥಾಪಿತವಾಗಿತ್ತು. ಅದಕ್ಕೆ ಇಟ್ಟುದು ರಾಜಕುಮಾರಿ ಕೆಏಲಿಕೋಲಾನಿಯ ಹೆಸರು. ಆಂಗ್ಲ ಭಾಷೆ ತಿಳಿದಿದ್ದರೂ ತನ್ನೊಡನೆ ವ್ಯವಹರಿಸುವವರು ಹವಾಯಿ ಭಾಷೆಯಲ್ಲಿಯೇ ಮಾತನಾಡಬೇಕೆಂದು ಹಟ ಹಿಡಿದ ಹತ್ತೊಂಬತ್ತನೆಯ ಶತಮಾನದ ಆ ಹೆಣ್ಣುಮಗಳನ್ನು ಅಂದಿನ ಬಿಳಿಯರು ಹಳೆಯ ಕಾಲದವಳೆಂದು ಎಣಿಸಿದ್ದರು. ಕಿಮುರಾ ಅವರು ಈ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು.

ಭಾಷೆ ಶಾಲೆಯೊಳಗೆ ಕಾಲಿಟ್ಟಿತೆಂದರೆ ಗಣಿತವನ್ನೂ ವಿಜ್ಞಾನವನ್ನೂ ಹೇಳಬೇಕು. ಹೊಸ ಪದಗಳನ್ನು ರೂಪಿಸಲು ಒಂದು ಸಮಿತಿ ಏರ್ಪಟ್ಟಿತು. ಕಿಮುರಾ ಅವರು ಅದರ ನಾಯಕತ್ವ ವಹಿಸಿದರು. ಗಣಕಯಂತ್ರಕ್ಕೆ 'ಲೋಲೊಉವಿಲ' ಎಂಬ ಹೆಸರಾಯಿತು: 'ಲೋಲೊ' ಮಿದುಳು, 'ಉವಿಲ' ಮಿಂಚು ಅಥವಾ ವಿದ್ಯುತ್ತು. ಎಳೆಯರಿಗೆ ಈ ಪದಗಳು ಆಟದಷ್ಟು ಸುಲಭವಾದವು. ಎಲ್ಲ ಹಿರಿಯರಿಗೂ ಅವು ರುಚಿಸಲಿಲ್ಲ. ಶಾಲೆಯಲ್ಲಿ ಕಲಿತ ಮಕ್ಕಳ ಹವಾಯಿ ಭಾಷೆಯಲ್ಲಿ ಆಂಗ್ಲದ ಎಲುಬು ಕಾಣುತ್ತದೆ, ಇದು ವಿಶ್ವವಿದ್ಯಾನಿಲಯದ ಭಾಷೆ, ಅಜ್ಜಿಯದಲ್ಲ ಎಂಬ ದೂರು ಎದ್ದಿತು, ಇಂದಿಗೂ ಅಡಗಿಲ್ಲ. ದೂರಿನಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ತುತ್ತು ಕಡಿದುಹೋದ ಮೇಲೆ ಅಡುಗೆಯನ್ನು ಹೊಸದಾಗಿ ಕಲಿತವರ ಕೈರುಚಿ ಬೇರೆಯೇ ಆದೀತು. ಹಾಗೆಂದು ಮಕ್ಕಳನ್ನು ಹಸಿದಿರಿಸಲಾಗದು.

ಇಲ್ಲಿ ಕನ್ನಡ ಓದುಗರಿಗೆ ಹತ್ತಿರವಾದ ಒಂದು ಸಂಗತಿಯನ್ನು ಹೇಳಬಹುದು. ಹವಾಯಿ ಭಾಷೆಯ ಪ್ರತಿಯೊಂದು ಪದವೂ ಸ್ವರದಲ್ಲಿಯೇ ಮುಗಿಯುತ್ತದೆ, ಸಂಯುಕ್ತಾಕ್ಷರವೆಂಬುದೇ ಇಲ್ಲ. ಹ್ರಸ್ವ ದೀರ್ಘಗಳ ಭೇದ ಬಹು ಮುಖ್ಯ. ಎರಡು ಸ್ವರಗಳ ನಡುವೆ ಗಂಟಲಿನಲ್ಲಿ ಉಸಿರನ್ನು ಚಕ್ಕನೆ ತಡೆಯುವ 'ಒಕಿನ' ಎಂಬ ವ್ಯಂಜನವೂ ಇದೆ. 'ಪಉ' ಎಂದು ತಡೆಯಿಲ್ಲದೆ ಜಾರಿಸಿ ಹೇಳಿದರೆ 'ಮುಗಿಯಿತು'. ನಡುವೆ ಉಸಿರು ತಡೆದರೆ 'ಮಸಿ'. ತಡೆದು ಕೊನೆಯನ್ನು ಎಳೆದರೆ 'ತೇವ'. ಮೊದಲನ್ನೂ ಎಳೆದರೆ ಹೆಂಗಸರ 'ಲಂಗ'. ಹಳೆಯ ಪತ್ರಿಕೆಗಳು ಈ ನಾಲ್ಕನ್ನೂ ಒಂದೇ ಬಗೆಯಾಗಿ ಅಚ್ಚು ಹಾಕುತ್ತಿದ್ದವು. ಭಾಷೆ ಬಲ್ಲವನಿಗೆ ಸಂದರ್ಭವೇ ಸಾಕಾಗಿತ್ತು. ಬಾರದವನಿಗೆ ಲಿಪಿಯಲ್ಲಿ ಗುರುತು ಬೇಕಾಯಿತು. ಬೀದಿಯ ಹೆಸರುಹಲಗೆಗಳ ಮೇಲೆ ಇಂದು ಕಾಣಿಸಿಕೊಳ್ಳುವ ಆ ಚಿಕ್ಕ ಗುರುತುಗಳು ಭಾಷೆ ಕಳೆದುಕೊಂಡವರು ಅದನ್ನು ಹುಡುಕಿ ಹೊರಟ ಹೆಜ್ಜೆಗಳು.

2017ರ ಅಕ್ಟೋಬರಿನಲ್ಲಿ ಮೌಯಿ ದ್ವೀಪದ ಹಲೆಅಕಲಾ ಶಿಖರದ ದೂರದರ್ಶಕವು ನಮ್ಮ ಸೌರವ್ಯೂಹಕ್ಕೆ ಹೊರಗಿನಿಂದ ಬಂದ ಮೊದಲ ಕಾಯವನ್ನು ಕಂಡಿತು. ಅದಕ್ಕೆ ಹೆಸರು ಸೂಚಿಸಿರೆಂದು ಖಗೋಲ ವಿಜ್ಞಾನಿಗಳು ಕೇಳಿದುದು ಕಿಮುರಾ ಅವರನ್ನೂ, ಹಿಲೋ ಪಟ್ಟಣದ ಖಗೋಲ ಕೇಂದ್ರದ ಮುಖ್ಯಸ್ಥೆಯಾಗಿದ್ದ ಕೈಯು ಕಿಮುರಾ ಅವರನ್ನೂ. 'ಔಮುಅಮುಅ' ಎಂಬ ಹೆಸರು ಲೋಕವ್ಯಾಪಿಯಾಯಿತು; ಬಹು ದೂರದಿಂದ ಎಲ್ಲರಿಗಿಂತ ಮೊದಲು ಬಂದು ಮುಟ್ಟಿದ ದೂತ ಎಂಬುದು ಅದರ ಭಾವ.

ಅದಾದ ಮೂರೇ ತಿಂಗಳಿಗೆ, 2018ರ ಜನವರಿಯಲ್ಲಿ, ಅದೇ ಮೌಯಿ ದ್ವೀಪದ ನ್ಯಾಯಾಲಯದಲ್ಲಿ ಬೇರೊಂದು ಪ್ರಸಂಗ ನಡೆಯಿತು. ಅದೇ ಹಲೆಅಕಲಾ ಶಿಖರದ ಮೇಲೆ ಹೊಸ ದೂರದರ್ಶಕದ ಕಟ್ಟಡಕ್ಕೆ ಅಡ್ಡಿಪಡಿಸಿದ ಆರೋಪಕ್ಕೆ ಒಳಗಾದ ಹವಾಯಿಯ ಅಧ್ಯಾಪಕರೊಬ್ಬರು, ನ್ಯಾಯಾಧೀಶರು ಹೆಸರು ಕೇಳಿದಾಗ ಹವಾಯಿ ಭಾಷೆಯಲ್ಲಿ ಉತ್ತರ ಕೊಟ್ಟರು. ಎದುರಿಗೆ ನಿಂತವರು ಆರೋಪಿಯೇ ಎಂದು ಗುರುತಿಸಲಾಗಲಿಲ್ಲವೆಂದು ನ್ಯಾಯಾಲಯವು ಅವರ ಮೇಲೆ ಗೈರುಹಾಜರಿಯ ವಾರಂಟು ಹೊರಡಿಸಿತು. ಮನುಷ್ಯ ಕಣ್ಣೆದುರು ನಿಂತು ಮಾತನಾಡುತ್ತಿದ್ದಾನೆ. ಆದರೂ ಆತ ಅಲ್ಲಿಲ್ಲ! ಮರುದಿನ ವಾರಂಟನ್ನು ಹಿಂದಕ್ಕೆ ಪಡೆದರು. ಹವಾಯಿ ಭಾಷೆಯಲ್ಲಿ ಮಾತನಾಡಬಯಸುವವರಿಗೆ ದುಭಾಷಿಗಳನ್ನು ಒದಗಿಸಲಾಗುವುದೆಂದು ನ್ಯಾಯಾಂಗವು ಬಳಿಕ ಸಾರಿತು.

2019ರ ಏಪ್ರಿಲ್ 10ರಂದು ಮಾನವನು ಮೊತ್ತಮೊದಲು ಕಪ್ಪುರಂಧ್ರದ ಚಿತ್ರವನ್ನು ಕಂಡನು. ಐದೂವರೆ ಕೋಟಿ ಜ್ಯೋತಿರ್ವರ್ಷಗಳಾಚೆಯ ಆ ಕತ್ತಲನ್ನು ಸೆರೆಹಿಡಿದ ಯಂತ್ರಜಾಲದಲ್ಲಿ ಹವಾಯಿಯ ಮೌನಕೆಯ ಪರ್ವತದ ಮೇಲಿನ ಎರಡು ದೂರದರ್ಶಕಗಳೂ ಸೇರಿದ್ದವು. ಅಲ್ಲಿಯ ವಿಜ್ಞಾನಿಗಳು ಮತ್ತೆ ಕಿಮುರಾ ಅವರ ಬಳಿಗೆ ಬಂದರು. ಅವರು ಕೊಟ್ಟ ಹೆಸರು 'ಪೋವೆಹಿ'. ಜಗತ್ತಿನ ಹುಟ್ಟನ್ನು ಎರಡು ಸಾವಿರಕ್ಕೂ ಮೀರಿದ ಸಾಲುಗಳಲ್ಲಿ ಹೇಳುವ 'ಕುಮುಲಿಪೊ' ಎಂಬ ಪ್ರಾಚೀನ ಪಠಣದಿಂದ ಆಯ್ದ ಪದವದು. 'ಪೋ' ಎಂದರೆ ಸಕಲವೂ ಉದಿಸುವ ಅಗಾಧ ಕತ್ತಲು. 'ವೆಹಿ' ಎಂದರೆ ಅದಕ್ಕೆ ಮುಡಿಸಿದ ಅಲಂಕಾರ. ಕತ್ತಲನ್ನು ಕೇಡಿನ ಸಂಕೇತವಾಗಿ ಕಾಣದೆ ತಾಯಿಯಾಗಿ ಕಂಡ ಕವಿಗಳ ಪದ, ಕಪ್ಪು ಗೋಲವನ್ನು ಸುತ್ತಿದ ಬೆಂಕಿಯ ಬಳೆಗೆ ಹೇಳಿ ಮಾಡಿಸಿದಂತೆ ಒಪ್ಪಿತು. ಅಂತರರಾಷ್ಟ್ರೀಯ ಖಗೋಲ ಸಂಘದ ಮುದ್ರೆ ಅದಕ್ಕೆ ಬೀಳದಿದ್ದರೂ ಪತ್ರಿಕೆಗಳು ಆ ಹೆಸರನ್ನು ಎತ್ತಿಕೊಂಡವು.

ಎಲ್ಲರೂ ಹಿಗ್ಗಲಿಲ್ಲ. ಅದೇ ವರ್ಷದ ಜುಲೈ ತಿಂಗಳಲ್ಲಿ ಮೌನಕೆಯದ ಮೇಲೆ ಇನ್ನೊಂದು ಬೃಹತ್ ದೂರದರ್ಶಕವನ್ನು ಕಟ್ಟಲು ಹೊರಟಾಗ, ಪರ್ವತವನ್ನು ಪವಿತ್ರವೆಂದು ಭಾವಿಸುವ ಹವಾಯಿಯರು ದಾರಿಗೆ ಅಡ್ಡ ಕುಳಿತರು. ಮುಂದಿನ ಸಾಲಿನಲ್ಲಿದ್ದವರು ವೃದ್ಧರು. ಪೊಲೀಸರು ಅವರನ್ನು ಬಂಧಿಸಿ ಕೊಂಡೊಯ್ದರು. ಬೆಟ್ಟವನ್ನು ಕೊಳ್ಳುವವರು ಭಾಷೆಯಿಂದ ಒಂದು ಹೂವನ್ನು ಕಿತ್ತು ಮುಡಿದುಕೊಳ್ಳುತ್ತಾರೆ ಎಂಬ ಕಹಿಮಾತು ಅಂಥ ಸಮಯದಲ್ಲಿ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ಆ ದಾರಿಯಲ್ಲಿ ಕುಳಿತಿದ್ದ ಯುವಕರ ನಡುವೆ ಹವಾಯಿ ಭಾಷೆಯಲ್ಲಿ ಪಠಣ ನಡೆಯುತ್ತಿತ್ತು, ಮಾತು ನಡೆಯುತ್ತಿತ್ತು. ಅವರಲ್ಲಿ ಗೂಡುಗಳಲ್ಲಿ ಬೆಳೆದವರೂ ಇದ್ದರು.

ಮನೆಯಲ್ಲಿ ಹವಾಯಿ ಭಾಷೆಯನ್ನು ಬಳಸುವವರು ಸುಮಾರು 18 ಸಾವಿರ ಎಂದು ರಾಜ್ಯ ಸರ್ಕಾರದ 2016ರ ವರದಿ ಹೇಳಿತು. ಎಷ್ಟು ಚೆನ್ನಾಗಿ ಬಳಸುವರು ಎಂಬುದನ್ನು ಅಂಥ ಗಣತಿ ಅಳೆಯದು. 'ಕ ಲೆಯೊ ಹವಾಯಿ'ಯ ಅತಿಥಿಗಳೆಲ್ಲ ಬಹುಮಟ್ಟಿಗೆ ಮಣ್ಣು ಸೇರಿದ್ದಾರೆ. ಅವರ ದನಿಗಳನ್ನು ಹಿಲೋದ ಕಾಲೇಜು 'ಕನಿಆಯಿನ' ಎಂಬ ಹೆಸರಿನ ಧ್ವನಿಭಂಡಾರದಲ್ಲಿ ಕೂಡಿಟ್ಟು, ಯಾರು ಬೇಕಾದರೂ ಅಂತರ್ಜಾಲದಲ್ಲಿ ಆಲಿಸುವಂತೆ ಮಾಡಿದೆ. ನೆಲದ ನಾದ ಎಂದು ಆ ಹೆಸರಿಗೆ ಅರ್ಥ. ಒಂದು ಮಾತನ್ನು ಹೀಗೆನ್ನಬೇಕೋ ಹಾಗೆನ್ನಬೇಕೋ ಎಂಬ ಸಂದೇಹ ಬಂದಾಗ ವಿದ್ಯಾರ್ಥಿಗಳು ಅಲ್ಲಿಗೆ ಹೋಗುತ್ತಾರೆ. ಟೇಪಿನಲ್ಲಿ ಮೊದಲು ಕೇಳಿಸುವುದು ತರುಣನೊಬ್ಬನ ದನಿ. ಎದುರಿಗೆ ಕುಳಿತ ಮುದುಕಿಯನ್ನು ಆತ ಕೇಳುತ್ತಿದ್ದಾನೆ, ಹುಟ್ಟಿದ್ದು ಎಲ್ಲಿ, ಸಾಕಿದವರು ಯಾರು.